ಸೂರ್ಯ ಪೂರ್ವದಲ್ಲಿ ಹುಟ್ಟದ ದಿನಗಳು

ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿ, ಆಮೇಲೆ ಯಾರೂ ಒರೆಗೆ ಹಚ್ಚಿ ನೋಡದ ಮಾತೊಂದಿದೆ: ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಮಧ್ಯಾಹ್ನ ನೆತ್ತಿಗೆ ಬರುತ್ತಾನೆ, ಪಶ್ಚಿಮದಲ್ಲಿ ಮುಳುಗುತ್ತಾನೆ. ಚೆನ್ನೈಯ ಮರೀನಾ ತೀರದಲ್ಲಿ ನಿಂತು ವರ್ಷವಿಡೀ ಈ ಮಾತನ್ನು ಪರೀಕ್ಷಿಸಿದರೆ ವಿಚಿತ್ರವೊಂದು ಎದುರಾಗುತ್ತದೆ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 20ರ ಆಸುಪಾಸಿನಲ್ಲಿ ಒಮ್ಮೆ, ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆ ಎರಡೂ ದಿನ ಅವನು ನೆತ್ತಿಗೆ ಬರುವುದಿಲ್ಲ. 13 ಡಿಗ್ರಿ ದಕ್ಷಿಣಕ್ಕೆ ಸರಿದೇ ಹಾದುಹೋಗುತ್ತಾನೆ. ನೆತ್ತಿಗೆ ಬರುವ ದಿನಗಳೂ ಎರಡೇ, ಏಪ್ರಿಲ್ ಕೊನೆಯ ವಾರದಲ್ಲಿ ಒಂದು, ಆಗಸ್ಟ್ ಮೂರನೆಯ ವಾರದಲ್ಲಿ ಒಂದು. ಆದರೆ ಆ ಬೆಳಗ್ಗೆ ಅವನು ಹುಟ್ಟಿದ್ದು ಪೂರ್ವದಿಂದ 13 ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಅಂದಮೇಲೆ ನಾವು ನಂಬಿಕೊಂಡ ಮಾತು ಇಡಿಯಾಗಿ ನಿಜವಾಗುವ ಒಂದೇ ಒಂದು ದಿನವೂ ಚೆನ್ನೈಯಲ್ಲಿಲ್ಲ. ಅದು ನಿಜವಾಗುವುದು ಭೂಮಧ್ಯರೇಖೆಯ ಮೇಲೆ, ಅಲ್ಲೂ ವರ್ಷಕ್ಕೆ ಎರಡು ದಿನ ಮಾತ್ರ. ತಪ್ಪನ್ನು ತೋರಿಸಿ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮಾತು ಎಷ್ಟು ತಪ್ಪುತ್ತದೆ, ಯಾವ ಕಡೆಗೆ ತಪ್ಪುತ್ತದೆ, ಯಾವ ದಿನ ತಪ್ಪುತ್ತದೆ ಎಂಬುದಕ್ಕೆ ಲೆಕ್ಕವಿದೆ. ನಾವು ಭೂಮಿಯ ಮೇಲೆ ಎಲ್ಲಿದ್ದೇವೆ, ಭೂಮಿ ಹೇಗೆ ವಾಲಿದೆ, ಹೇಗೆ ಓಡುತ್ತಿದೆ ಎಂಬ ಸುದ್ದಿಯೆಲ್ಲ ಆ ಲೆಕ್ಕದೊಳಗೇ ಅಡಗಿದೆ ಎಂಬುದು ಈ ಅಧ್ಯಾಯದ ವಾದ.

ಮೊದಲು 'ಪೂರ್ವದಲ್ಲಿ ಹುಟ್ಟುತ್ತಾನೆ' ಎಂಬುದನ್ನು ತೆಗೆದುಕೊಳ್ಳೋಣ. ಚೆನ್ನೈಯ ಕರಾವಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿಕೊಂಡಿರುವುದರಿಂದ ಕಡಲಿಗೆ ಮುಖ ಮಾಡಿ ನಿಂತವನಿಗೆ ಪೂರ್ವ ಎದುರಿಗೇ ಇರುತ್ತದೆ, ಬೆಟ್ಟಗುಡ್ಡಗಳ ಮರೆಯೂ ಇಲ್ಲ. ಜೂನ್ 21ರ ಸುಮಾರಿಗೆ ಸೂರ್ಯ ಎಡಕ್ಕೆ, ಬಂದರಿನ ಕಡೆಗೆ, 24 ಡಿಗ್ರಿ ಸರಿದು ಮೇಲೇಳುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಬಲಕ್ಕೆ, ಸಾಂತೋಮ್ ಕಡೆಗೆ, ಅಷ್ಟೇ ದೂರ ಸರಿದಿರುತ್ತಾನೆ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಹೀಗೆ ಅಳೆದರೆ ಸೂರ್ಯ ಹುಟ್ಟುವ ಜಾಗ ಆರು ತಿಂಗಳಲ್ಲಿ ಐದು ಮುಷ್ಟಿಯಷ್ಟು ಸರಿಯುತ್ತದೆ. ಈ ಸರಿದಾಟದ ವೇಗವೂ ಒಂದೇ ಸಮನಲ್ಲ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಅದು ದಿನಕ್ಕೆ ಸೂರ್ಯಬಿಂಬದ ಮುಕ್ಕಾಲು ಅಗಲದಷ್ಟು ಇರುತ್ತದೆ. ಜೂನ್, ಡಿಸೆಂಬರುಗಳಲ್ಲಿ ವಾರಗಟ್ಟಲೆ ಅಲ್ಲೇ ನಿಂತಂತೆ ಕಾಣುತ್ತದೆ. ಜೋಕಾಲಿ ನಡುವಿನಲ್ಲಿ ಜೋರಾಗಿ ಹಾದು ಎರಡು ತುದಿಗಳಲ್ಲಿ ತಡೆದು ಮರಳುವ ಹಾಗೆ. ನಮ್ಮ ಹಿರಿಯರು ಇದನ್ನೇ ಅಯನ ಎಂದರು. ಉತ್ತರಾಯಣ, ದಕ್ಷಿಣಾಯನ ಎಂಬ ಹೆಸರುಗಳು ಹುಟ್ಟಿದ್ದು ದಿಗಂತವನ್ನು ದಿನಾ ನೋಡುತ್ತಿದ್ದವರ ಕಣ್ಣಿನಿಂದ.

ಎರಡನೆಯದು, 'ನೆತ್ತಿಗೆ ಬರುತ್ತಾನೆ'. ಇದನ್ನು ಅಳೆಯಲು ಮಾಳಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಉದ್ದದ ಕೋಲು ಸಾಕು. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ನೆರಳು ಉತ್ತರಕ್ಕೆ 74 ಸೆಂಟಿಮೀಟರ್ ಚಾಚಿರುತ್ತದೆ. ಮಾರ್ಚ್ 20ರ ಹೊತ್ತಿಗೆ ಅದು 23 ಸೆಂಟಿಮೀಟರಿಗೆ ಇಳಿಯುತ್ತದೆ. ಏಪ್ರಿಲ್ 24-25ರ ಹೊತ್ತಿಗೆ ನೆರಳು ಕೋಲಿನ ಬುಡದಲ್ಲೇ ಮಾಯವಾಗುತ್ತದೆ. ಈಗ ಶಾಲೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಆಚರಿಸುವುದು ಇದನ್ನೇ. ಅಲ್ಲಿಂದ ಮುಂದಿನದನ್ನು ಗಮನಿಸುವವರು ಕಡಿಮೆ: ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಜೂನ್ 21ರ ಸುಮಾರಿಗೆ ಅದು 18 ಸೆಂಟಿಮೀಟರ್ ದಕ್ಷಿಣಕ್ಕಿದ್ದು, ಆಗಸ್ಟ್ 18ರ ಸುಮಾರಿಗೆ ಮತ್ತೆ ಸೊನ್ನೆಯಾಗುತ್ತದೆ. ಸುಮಾರು ನಾಲ್ಕು ತಿಂಗಳ ಕಾಲ ಚೆನ್ನೈಯ ನಡುಹಗಲ ಸೂರ್ಯ ಉತ್ತರದ ಆಕಾಶದಲ್ಲಿರುತ್ತಾನೆ. ಉತ್ತರಕ್ಕೆ ಕಿಟಕಿಯಿಟ್ಟು ಬಿಸಿಲು ತಪ್ಪಿಸಿಕೊಂಡೆವು ಎಂದುಕೊಂಡ ಮನೆಗೆ ಮೇ ತಿಂಗಳಲ್ಲಿ ಬಿಸಿಲು ಬರುವುದು ಅದೇ ಕಿಟಕಿಯಿಂದ. ನಡುಹಗಲ ಸೂರ್ಯ ಸದಾ ದಕ್ಷಿಣಕ್ಕೇ ಕಾಣುವ ಯುರೋಪಿನವರಿಗೆ ಈ ಅನುಭವವಿಲ್ಲ. ಈ ನಾಲ್ಕು ಅಳತೆಗಳಿಂದ ಎರಡು ಸಂಖ್ಯೆಗಳು ಹೊರಬರುತ್ತವೆ. ಮಾರ್ಚಿನ ನೆರಳು ಕೊಡುವ ಕೋನ 13 ಡಿಗ್ರಿ. ಅದು ಚೆನ್ನೈಯ ಅಕ್ಷಾಂಶ. ಜೂನ್ ಮತ್ತು ಡಿಸೆಂಬರ್ ನೆರಳುಗಳ ನಡುವಿನ ಕೋನದ ಅರ್ಧ ಸುಮಾರು 23.4 ಡಿಗ್ರಿ, ಅದು ಭೂಮಿಯ ಅಕ್ಷದ ವಾಲು. ಒಂದು ಊರಿನ ಮಾಳಿಗೆಯಿಂದ ಇಳಿಯದೆ ಇಡೀ ಗ್ರಹದ ಓರೆಯನ್ನು ಅಳೆದಂತಾಯಿತು.

ಚೆನ್ನೈಯೊಂದರ ಲೆಕ್ಕ ಕನ್ನಡದ ಓದುಗರಿಗೆ ಯಾಕೆ ಎಂದು ಕೇಳಬಹುದು. ಚೆನ್ನೈಯ ಅಕ್ಷಾಂಶ 13.1 ಡಿಗ್ರಿ, ಬೆಂಗಳೂರಿನದು ಸುಮಾರು 13. ಹಾಗಾಗಿ ಕೋಲಿನ ನೆರಳಿನ ಕತೆ ಎರಡೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಸಮಯದಲ್ಲಿ. ಚೆನ್ನೈ 2.7 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಹುಟ್ಟಿದ ಸೂರ್ಯ ಬೆಂಗಳೂರಿಗೆ ಬರಲು ಇನ್ನೂ ಹತ್ತು-ಹನ್ನೊಂದು ನಿಮಿಷ ಬೇಕು. ನೆರಳಿನ ಉದ್ದ ಉತ್ತರ-ದಕ್ಷಿಣದ ಸ್ಥಾನವನ್ನು ಹೇಳಿದರೆ, ನೆರಳಿನ ಹೊತ್ತು ಪೂರ್ವ-ಪಶ್ಚಿಮದ ಸ್ಥಾನವನ್ನು ಹೇಳುತ್ತದೆ.

ಇನ್ನು 'ಮಧ್ಯಾಹ್ನ' ಎಂಬ ಪದ. ಮಧ್ಯಾಹ್ನವೆಂದರೆ ಹನ್ನೆರಡು ಗಂಟೆ ಎಂದು ನಾವು ಭಾವಿಸಿದ್ದೇವೆ. ಚೆನ್ನೈಯ ಕೋಲಿನ ನೆರಳು ಅತಿ ಗಿಡ್ಡವಾಗುವ ಹೊತ್ತು ಸರಾಸರಿ 12 ಗಂಟೆ 9 ನಿಮಿಷ. ಇದರಲ್ಲಿ ಗೂಢವೇನಿಲ್ಲ, ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಆದರೆ ಆ 9 ನಿಮಿಷವೂ ಸ್ಥಿರವಲ್ಲ. ನವೆಂಬರ್ ಮೊದಲ ವಾರದಲ್ಲಿ ಸೂರ್ಯ 11 ಗಂಟೆ 52 ನಿಮಿಷಕ್ಕೇ ಅತಿ ಎತ್ತರಕ್ಕೆ ಬಂದುಬಿಡುತ್ತಾನೆ. ಫೆಬ್ರವರಿ ಎರಡನೆಯ ವಾರದಲ್ಲಿ 12 ಗಂಟೆ 23 ನಿಮಿಷದವರೆಗೆ ಕಾಯಿಸುತ್ತಾನೆ. ಇದರ ಪರಿಣಾಮವನ್ನು ಚೆನ್ನೈಯವರೂ ಬೆಂಗಳೂರಿನವರೂ ಪ್ರತಿವರ್ಷ ಅನುಭವಿಸುತ್ತಾರೆ. ಡಿಸೆಂಬರ್ 22 ದಾಟಿತು, ಹಗಲು ಬೆಳೆಯತೊಡಗಿತು. ಹಾಗಾದರೆ ಬೆಳಗಾಗುವುದೂ ಬೇಗನೆ ಆಗಬೇಕಲ್ಲವೆ? ಆಗುವುದಿಲ್ಲ. ಡಿಸೆಂಬರ್ 22ರಂದು 6 ಗಂಟೆ 26 ನಿಮಿಷದ ಸುಮಾರಿಗೆ ಹುಟ್ಟುತ್ತಿದ್ದ ಸೂರ್ಯ ಒಂದು ತಿಂಗಳ ನಂತರ 6 ಗಂಟೆ 35ರ ಸುಮಾರಿಗೆ ಹುಟ್ಟುತ್ತಾನೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿದ ಮೇಲೂ ಬೆಳಗು ತಡವಾಗುತ್ತಲೇ ಹೋಗುತ್ತದೆ. ಕಾರಣ ಎರಡು. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ತನ್ನ ದೀರ್ಘವೃತ್ತದ ಹಾದಿಯಲ್ಲಿ ಅತಿ ವೇಗವಾಗಿ ಓಡುತ್ತದೆ. ಜೊತೆಗೆ ಅಕ್ಷದ ವಾಲಿನಿಂದಾಗಿ ಡಿಸೆಂಬರ್ ಸುಮಾರಿಗೆ ಸೂರ್ಯ ನಕ್ಷತ್ರಗಳ ನಡುವೆ ಪೂರ್ವಕ್ಕೆ ಸರಿಯುವುದೂ ಹೆಚ್ಚು. ಎರಡೂ ಸೇರಿ ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ 24 ಗಂಟೆಗಿಂತ ಅರ್ಧ ನಿಮಿಷದಷ್ಟು ಹೆಚ್ಚು ಹಿಡಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯ ಅಂತರ ಮಾತ್ರ. ಹಾಗಾಗಿ ದಿನದಿನಕ್ಕೆ ಹಗಲು ಬೆಳೆಯುವುದು ಅತ್ಯಲ್ಪ, ನಡುಹಗಲಿನ ಈ ಜಾರಾಟವೇ ಗೆಲ್ಲುತ್ತದೆ. ಹಗಲಿನ ಏರಿಳಿತ ದೊಡ್ಡದಿರುವ ಲಂಡನ್ನಿನಲ್ಲಿ ಜನವರಿ ಮೊದಲ ದಿನಗಳಲ್ಲೇ ಬೆಳಗು ಬೇಗನಾಗತೊಡಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಉತ್ತರಾಯಣ ಮಕರ ಸಂಕ್ರಾಂತಿಯಂದು, ಜನವರಿ 14ರ ಹೊತ್ತಿಗೆ ತಾನೆ ಆರಂಭವಾಗುವುದು, ಡಿಸೆಂಬರಿನ ಮಾತು ಯಾಕೆ? ಕೋಲನ್ನು ಕೇಳಿದರೆ ಉತ್ತರ ಸ್ಪಷ್ಟ. ಅತಿ ಉದ್ದದ ನೆರಳು ಬೀಳುವುದು ಡಿಸೆಂಬರ್ 21-22ಕ್ಕೆ. ಸೂರ್ಯ ಉತ್ತರಕ್ಕೆ ತಿರುಗುವುದು ಅಂದೇ. ಸಂಕ್ರಾಂತಿ ಗುರುತಿಸುವುದು ಸೂರ್ಯ ನಕ್ಷತ್ರಗಳ ಲೆಕ್ಕದ ಮಕರ ರಾಶಿಯನ್ನು ಹೊಗುವ ದಿನವನ್ನು. ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ಓಲಾಡುವುದರಿಂದ ಇವೆರಡು 72 ವರ್ಷಕ್ಕೆ ಒಂದು ಡಿಗ್ರಿಯಂತೆ ದೂರವಾಗುತ್ತಿವೆ. ಒಂದೂವರೆ ಸಾವಿರ ವರ್ಷಗಳಿಗೂ ಹಿಂದೆ ಒಂದೇ ದಿನ ಬರುತ್ತಿದ್ದವು ಈಗ ಮೂರು ವಾರಕ್ಕೂ ಹೆಚ್ಚು ಅಗಲಿವೆ. ಹಬ್ಬ ತಪ್ಪಲ್ಲ, ಕೋಲೂ ತಪ್ಪಲ್ಲ. ಒಂದು ನಕ್ಷತ್ರಗಳನ್ನು ನೋಡುತ್ತಿದೆ, ಇನ್ನೊಂದು ನೆರಳನ್ನು.

ಮೂರನೆಯದು, 'ಮುಳುಗುತ್ತಾನೆ'. ಪಶ್ಚಿಮದ ತುದಿಯೂ ಪೂರ್ವದ ಹಾಗೆಯೇ ಸರಿದಾಡುತ್ತದೆ, ಅದನ್ನು ಮತ್ತೆ ವಿವರಿಸಬೇಕಿಲ್ಲ. ಗಮನಿಸಬೇಕಾದ್ದು ಮುಳುಗುವ ಮತ್ತು ಏಳುವ ರೀತಿ. ಚೆನ್ನೈಯಲ್ಲಿ ಸೂರ್ಯನ ಹಾದಿ ದಿಗಂತಕ್ಕೆ ಹೆಚ್ಚುಕಡಿಮೆ ಲಂಬ. ಬಿಂಬದ ಮೇಲಂಚು ಕಂಡಾಗಿನಿಂದ ಕೆಳಗಿನ ಅಂಚು ನೀರು ಬಿಡುವವರೆಗೆ ವಿಷುವದ ದಿನಗಳಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಸಾಕು. ಓರೆಯಾಗಿ ಏಳುವ ಲಂಡನ್ನಿನ ಸೂರ್ಯನಿಗೆ ಅದೇ ದಿನ ಮೂರೂವರೆ ನಿಮಿಷದ ಹತ್ತಿರ ಬೇಕು. ನಮ್ಮಲ್ಲಿ ಮುಸ್ಸಂಜೆ ದಡಬಡಿಸಿ ಕತ್ತಲಾಗುವುದಕ್ಕೂ ಇದೇ ಕಾರಣ. ಇನ್ನೂ ಅಚ್ಚರಿಯೆಂದರೆ, ದಿಗಂತದ ಬಳಿ ವಾತಾವರಣ ಬೆಳಕನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಾಗಿಸುತ್ತದೆ, ಸೂರ್ಯಬಿಂಬದ ಅಗಲವೂ ಅಷ್ಟೇ. ಹಾಗಾಗಿ ಮರೀನಾದಲ್ಲಿ ಕೆಂಪು ಬಿಂಬ ಪೂರ್ತಿ ಮೇಲೆ ಬಂದು ಕಡಲನ್ನು ಮುಟ್ಟಿ ನಿಂತಂತೆ ಕಾಣುವ ಕ್ಷಣದಲ್ಲಿ ನಿಜವಾದ ಸೂರ್ಯ ಇನ್ನೂ ದಿಗಂತದ ಕೆಳಗೇ ಇರುತ್ತಾನೆ.

ಸೂರ್ಯನ ಬಗ್ಗೆ ಹೇಳಿದ್ದನ್ನೆಲ್ಲ ಚಂದ್ರ ಒಂದು ತಿಂಗಳಿನೊಳಗೆ ಆಡಿ ತೋರಿಸುತ್ತಾನೆ. ಹುಣ್ಣಿಮೆಯ ಸಂಜೆ ಸೂರ್ಯ ನಗರದ ಹಿಂದೆ ಇಳಿಯುವ ಹೊತ್ತಿಗೆ ಚಂದ್ರ ಕಡಲಿನಿಂದ ಏಳುತ್ತಾನೆ. ಮರುದಿನ ಸರಾಸರಿ 50 ನಿಮಿಷ ತಡ, ಅದರ ಮರುದಿನ ಇನ್ನೂ 50. ಯಾಕೆಂದರೆ ಆಕಾಶವೆಲ್ಲ ಪಶ್ಚಿಮಕ್ಕೆ ಸಾಗುತ್ತಿರುವಾಗ ಚಂದ್ರ ಅದರೊಳಗೇ ಪೂರ್ವಕ್ಕೆ ದಿನಕ್ಕೆ 13 ಡಿಗ್ರಿ ನಡೆಯುತ್ತಾನೆ. ಗಂಟೆಗೆ ತನ್ನ ಬಿಂಬದ ಅಗಲದಷ್ಟು. ಪಕ್ಕದಲ್ಲಿರುವ ಒಂದು ನಕ್ಷತ್ರವನ್ನು ಗುರುತಿಟ್ಟುಕೊಂಡರೆ ಒಂದೇ ರಾತ್ರಿಯಲ್ಲಿ ಇದು ಬರಿಗಣ್ಣಿಗೆ ಕಾಣುತ್ತದೆ. ಸೂರ್ಯನೂ ಹೀಗೆಯೇ ಪೂರ್ವಕ್ಕೆ ದಿನಕ್ಕೊಂದು ಡಿಗ್ರಿ ಸರಿಯುವಂತೆ ಕಾಣುತ್ತಾನೆ, ಆದರೆ ಅವನ ಹಿಂದಿನ ನಕ್ಷತ್ರಗಳನ್ನು ಅವನ ಬೆಳಕೇ ಅಳಿಸಿಬಿಡುತ್ತದೆ. ಇಬ್ಬರ ನಡುವಿನ ಅಂತರ 12 ಡಿಗ್ರಿ ಹೆಚ್ಚಿದಾಗ ಪಂಚಾಂಗದಲ್ಲಿ ಒಂದು ತಿಥಿ ಕಳೆಯುತ್ತದೆ. ಇನ್ನು ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿರಬೇಕಾದ್ದರಿಂದ ಋತುಗಳಲ್ಲೂ ಅವನು ಸೂರ್ಯನ ತದ್ವಿರುದ್ಧ: ಡಿಸೆಂಬರಿನ ಸೂರ್ಯ ದಕ್ಷಿಣಕ್ಕಿದ್ದರೆ ಆ ತಿಂಗಳ ಹುಣ್ಣಿಮೆಯ ಚಂದ್ರ ಚೆನ್ನೈಯವರ ನೆತ್ತಿಯನ್ನು ದಾಟಿ ಉತ್ತರಕ್ಕೆ ಹಾಯುತ್ತಾನೆ. ಅವನ ಹಾದಿ ಸೂರ್ಯನ ಹಾದಿಗೆ 5 ಡಿಗ್ರಿ ಓರೆಯಾಗಿದ್ದು ಆ ಓರೆ 18.6 ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ; 2024-25ರಲ್ಲಿ ಅವನು ಆಕಾಶದ ನಡುರೇಖೆಯಿಂದ 28.5 ಡಿಗ್ರಿಯವರೆಗೆ, ಸೂರ್ಯ ಎಂದೂ ತಲುಪದ ಎಲ್ಲೆಗೆ ಹೋಗಿಬಂದ. ಕೊನೆಗೆ ಯುಗಾದಿಯ ಚಂದ್ರದರ್ಶನವನ್ನು ನೆನೆಯಿರಿ. ಆ ಎಳೆಚಂದ್ರ ಕಾಣುವುದು ಪಶ್ಚಿಮದಲ್ಲಿ, ಎರಡೂ ಕೋಡು ಮೇಲೆತ್ತಿದ ದೋಣಿಯ ಹಾಗೆ. ಮಾರ್ಚ್-ಏಪ್ರಿಲ್ ಸಂಜೆಗಳಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಚಂದ್ರನ ನೇರ ಕೆಳಗಿನ ದಿಕ್ಕಿನಲ್ಲಿ ಮುಳುಗಿರುವುದರಿಂದ ಬೆಳಕು ಕೆಳಗಿನಿಂದ ಬೀಳುತ್ತದೆ. ಬೆಳ್ಳಿಯ ಕುಡುಗೋಲಿನಂತೆ ನೆಟ್ಟಗೆ ನಿಂತ ಚಂದ್ರ ಬೇರೆ ಅಕ್ಷಾಂಶದ ಚಿತ್ರಪುಸ್ತಕದಿಂದ ಬಂದದ್ದು.

ಇಷ್ಟೆಲ್ಲ ಕೇಳಿದ ಮೇಲೆ ಗಂಭೀರವಾದ ಆಕ್ಷೇಪವೊಂದು ಉಳಿಯುತ್ತದೆ. ಸೂರ್ಯ ಓಡುವುದೇ ಇಲ್ಲ, ತಿರುಗುವುದು ಭೂಮಿ. ಸುಳ್ಳು ಚಲನೆಯನ್ನು ಇಷ್ಟು ಜತನದಿಂದ ಅಳೆದು ಏನು ಪ್ರಯೋಜನ? ಇದಕ್ಕೆ ಉತ್ತರ ಚೆನ್ನೈಯ ನುಂಗಂಬಾಕ್ಕಂನಲ್ಲಿ, ಈಗಿನ ಹವಾಮಾನ ಕೇಂದ್ರದ ಆವರಣದಲ್ಲಿ ನಿಂತಿದೆ. ಅದು 15 ಅಡಿ ಎತ್ತರದ, ಹಲವು ಭಾಷೆಗಳಲ್ಲಿ ಬರಹ ಕೊರೆದ ಗ್ರಾನೈಟ್ ಕಂಬ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ಮದ್ರಾಸು ವೀಕ್ಷಣಾಲಯದ ದೂರದರ್ಶಕ ಅದರ ಮೇಲಿತ್ತು. ಆ ದೂರದರ್ಶಕಕ್ಕೆ ಅತ್ತಿತ್ತ ಹೊರಳುವ ಸ್ವಾತಂತ್ರ್ಯವಿರಲಿಲ್ಲ; ಉತ್ತರ-ದಕ್ಷಿಣ ರೇಖೆಯ ಮೇಲೆ ಏರಿಳಿಯುವುದಷ್ಟೇ. ಸೂರ್ಯನೋ ನಕ್ಷತ್ರವೋ ಆ ರೇಖೆಯನ್ನು ದಾಟುವ ಸೆಕೆಂಡನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಬರೆದಿಟ್ಟುಕೊಳ್ಳುವುದು ಅಲ್ಲಿನ ಕೆಲಸ. ಹೀಗೆ ವರ್ಷಗಟ್ಟಲೆ ಅಳೆದ 'ಸುಳ್ಳು' ಚಲನೆಯಿಂದ ಮದ್ರಾಸು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದೆ ಎಂದು ತಿಳಿಯಿತು. 1802ರಲ್ಲಿ ಲ್ಯಾಂಬ್ಟನ್ ಸೇಂಟ್ ಥಾಮಸ್ ಮೌಂಟ್ ಬಳಿ ಆರಂಭಿಸಿದ ಭಾರತದ ಮಹಾ ಸರ್ವೇಗೆ ಇಲ್ಲಿನ ರೇಖಾಂಶ ಆಧಾರವಾಯಿತು. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಗೆ ಬರುವ ಮುನ್ನ ದೇಶದ ರೈಲುಗಳು ಓಡಿದ್ದು ಮದ್ರಾಸು ಸಮಯಕ್ಕೆ. ಕಾಣುವ ಚಲನೆ ಸುಳ್ಳಾಗಿದ್ದರೆ ಅದರಿಂದ ತೆಗೆದ ನಕ್ಷೆಯೂ ವೇಳಾಪಟ್ಟಿಯೂ ಸರಿಯಾಗುತ್ತಿರಲಿಲ್ಲ.

ಹಾಗಾದರೆ ಇಷ್ಟು ಚೆನ್ನಾಗಿ ಅಳೆದ ಚಲನೆ ಭೂಮಿ ತಿರುಗುತ್ತಿದೆ ಎಂಬುದನ್ನು ಸಾಧಿಸುತ್ತದೆಯೆ? ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಇಲ್ಲಿಯವರೆಗಿನ ನೆರಳು, ದಿಗಂತ, ತಿಥಿಗಳೆಲ್ಲ ಆಕಾಶವೇ ಭೂಮಿಯನ್ನು ಸುತ್ತುತ್ತಿದ್ದರೂ ಹೀಗೆಯೇ ಕಾಣುತ್ತಿದ್ದವು. 499ರ ಸುಮಾರಿಗೆ ಆರ್ಯಭಟ ಭೂಮಿಯೇ ತಿರುಗುತ್ತದೆ ಎಂದು, ಸಾಗುವ ದೋಣಿಯಲ್ಲಿ ಕೂತವನ ಹೋಲಿಕೆ ಕೊಟ್ಟು ಹೇಳಿದ. ಏಳನೆಯ ಶತಮಾನದಲ್ಲಿ ಬ್ರಹ್ಮಗುಪ್ತ ಅದನ್ನು ಒಪ್ಪಲಿಲ್ಲ. ಇಬ್ಬರ ಗಣಿತವೂ ಗ್ರಹಣಗಳನ್ನು ಮುಂಚಿತವಾಗಿ ಹೇಳಬಲ್ಲದಾಗಿತ್ತು. ಲೆಕ್ಕ ಸರಿಯಿದ್ದರೆ ಚಿತ್ರವೂ ಸರಿಯಿರಬೇಕು ಎನ್ನುವವರಿಗೆ ಜಾನ್ ವಾರನ್ ದಾಖಲಿಸಿದ ಪ್ರಸಂಗವೊಂದಿದೆ. ವಾರನ್ ಎಂದರೆ 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದು ಕೋಲಾರದ ಚಿನ್ನದ ಬಗ್ಗೆ ವರದಿ ಬರೆದವನು. 1805ರಿಂದ 1811ರವರೆಗೆ ಮದ್ರಾಸು ವೀಕ್ಷಣಾಲಯವನ್ನು ನೋಡಿಕೊಂಡವನು. ಪುದುಚೇರಿಯಲ್ಲಿ ಅವನು ಕಂಡ ತಮಿಳು ಪಂಚಾಂಗದವರೊಬ್ಬರು ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತಾ, ಬಾಯಿಪಾಠವಾದ ಕೋಷ್ಟಕಗಳಿಂದ 1825ರ ಮೇ 31-ಜೂನ್ 1ರ ಚಂದ್ರಗ್ರಹಣವನ್ನು ಲೆಕ್ಕಹಾಕಿ ಕೊಟ್ಟರು. ಆರಂಭದ ಹೊತ್ತು ತಪ್ಪಿದ್ದು 4 ನಿಮಿಷ ಮಾತ್ರ. ನಡುವಿನದು 23, ಕೊನೆಯದು 52 ನಿಮಿಷ. ಹಾಳೆಯಿಲ್ಲ, ದೂರದರ್ಶಕವಿಲ್ಲ, ಭೂಮಿ ತಿರುಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೂ ಆ ಕವಡೆಗಳಿಗೆ ಬೇಕಿರಲಿಲ್ಲ. ಮುನ್ಸೂಚನೆ ಎಷ್ಟು ಚೆನ್ನಾಗಿದ್ದರೂ ತಿರುಗುತ್ತಿರುವುದು ಯಾವುದು ಎಂದು ಅದು ಹೇಳಲಾರದು.

ಅದನ್ನು ಹೇಳಲು ಆಕಾಶದ ಚಲನೆಗೆ ಹೊರಗಿನ ಸಾಕ್ಷಿಯೊಂದು ಬೇಕು. ಅದೂ ನುಂಗಂಬಾಕ್ಕಂನಲ್ಲೇ ಸಿಕ್ಕಿತು ಎಂಬುದು ಈ ಕತೆಯ ಸೊಗಸು. ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ 1821ರಲ್ಲಿ ಅಲ್ಲಿ ಲೋಲಕದ ಪ್ರಯೋಗ ನಡೆಸಿದ. ಒಂದು ಸೆಕೆಂಡಿಗೆ ಒಂದು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗಬೇಕಾದ ಲೋಲಕದ ಉದ್ದ ಮದ್ರಾಸಿನಲ್ಲಿ ಲಂಡನ್ನಿಗಿಂತ ಸುಮಾರು 3 ಮಿಲಿಮೀಟರ್ ಕಡಿಮೆ. ಲಂಡನ್ನಿನಲ್ಲಿ ಸರಿಯಾಗಿ ನಡೆಯುವ ಲೋಲಕದ ಗಡಿಯಾರವನ್ನು ಹಡಗಿನಲ್ಲಿ ತಂದು ಇಲ್ಲಿಟ್ಟರೆ ದಿನಕ್ಕೆ ಎರಡು ನಿಮಿಷದಷ್ಟು ಹಿಂದೆ ಬೀಳುತ್ತದೆ ಎಂದು ಇದರರ್ಥ. 1672ರಲ್ಲಿ ಫ್ರೆಂಚರು ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ಇಂಥದ್ದನ್ನೇ ಮೊದಲು ಕಂಡಿದ್ದರು. ನ್ಯೂಟನ್ ಅದಕ್ಕೆ ಕಾರಣ ಕೊಟ್ಟಿದ್ದ. ತಿರುಗುವ ಭೂಮಿ ಭೂಮಧ್ಯರೇಖೆಯ ಬಳಿ ವಸ್ತುಗಳನ್ನು ತುಸು ಹೊರಕ್ಕೆ ಎಸೆಯುತ್ತದೆ, ತಾನೂ ಅಲ್ಲಿ ಉಬ್ಬಿಕೊಳ್ಳುತ್ತದೆ. ಎರಡರಿಂದಲೂ ಅಲ್ಲಿ ತೂಕ ಇಳಿಯುತ್ತದೆ. ಭೂಮಿ ಸುಮ್ಮನೆ ಉಬ್ಬಿರಬಾರದೇಕೆ, ತಿರುಗಲೇಬೇಕೆ ಎಂದು ಯಾರಾದರೂ ವಾದಿಸಬಹುದು. ಆ ವಾದಕ್ಕೆ 1851ರಲ್ಲಿ ಪ್ಯಾರಿಸಿನಲ್ಲಿ ಫೂಕೋ ತೂಗುಹಾಕಿದ ಲೋಲಕ ಉತ್ತರ ಕೊಟ್ಟಿತು. ಅದು ತೂಗುವ ದಿಕ್ಕು ಪ್ಯಾರಿಸಿನಲ್ಲಿ 32 ಗಂಟೆಗೊಮ್ಮೆ ಸುತ್ತು ಹಾಕುತ್ತದೆ. ಚೆನ್ನೈಯಲ್ಲಿ ತೂಗಿಬಿಟ್ಟರೆ ಸುಮಾರು 106 ಗಂಟೆ ಹಿಡಿಯುತ್ತದೆ. ಈ 106 ಬರುವುದು ಬರೇ ಅಕ್ಷಾಂಶದಿಂದ, ಮಾರ್ಚ್ ತಿಂಗಳಲ್ಲಿ ಮಾಳಿಗೆಯ ಕೋಲು ಕೊಟ್ಟ ಅದೇ 13 ಡಿಗ್ರಿಯಿಂದ. ಮುಚ್ಚಿದ ಕೋಣೆಯೊಳಗೆ, ಸೂರ್ಯನನ್ನೂ ಚಂದ್ರನನ್ನೂ ನೋಡದೆ ತೂಗುವ ಲೋಲಕ ಮತ್ತು ಬಯಲಿನಲ್ಲಿ ಬಿಸಿಲು ಕಾಯುವ ಕೋಲು ಒಂದೇ ಸಂಖ್ಯೆಯನ್ನು ಹೇಳುತ್ತವೆ ಎಂದಮೇಲೆ, ಎರಡಕ್ಕೂ ಕಾರಣವಾದ ತಿರುಗಾಟ ಕೋಲಿನ ಕಾಲಕೆಳಗಿನದೇ ಹೊರತು ಮೇಲಿನ ಆಕಾಶದ್ದಾಗಿರಲಾರದು.

ಹಾಗಿದ್ದರೆ ಶಾಲೆಯ ಆ ಮಾತನ್ನು ಕೈಬಿಡಬೇಕೆ? ಬೇಕಿಲ್ಲ. ಅದರ ಮುಂದೆ ಊರಿನ ಹೆಸರು ಮತ್ತು ತಾರೀಕು ಸೇರಿಸಿದರೆ ಸಾಕು. 'ಡಿಸೆಂಬರ್ 21ರಂದು ಚೆನ್ನೈಯಲ್ಲಿ ಸೂರ್ಯ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ ಹುಟ್ಟಿ, 12 ಗಂಟೆ 7 ನಿಮಿಷದ ಸುಮಾರಿಗೆ ನೆತ್ತಿಗಿಂತ 36.5 ಡಿಗ್ರಿ ಕೆಳಗೆ ಹಾದುಹೋದ' ಎಂಬ ವಾಕ್ಯವನ್ನು ಭೂಮಿಯ ಯಾವ ಮೂಲೆಯಲ್ಲಿರುವ ಖಗೋಳ ವಿಜ್ಞಾನಿಯೂ ಒಪ್ಪುತ್ತಾನೆ. ಆ ವಾಕ್ಯದ ಊರನ್ನು ಅಳಿಸಿ ಕೊಟ್ಟರೂ ಸರಿಯೆ, ಉಳಿದ ಸಂಖ್ಯೆಗಳಿಂದ ಅದು ಚೆನ್ನೈಯ ಅಕ್ಷಾಂಶವೆಂದೂ ಚೆನ್ನೈಯ ರೇಖಾಂಶವೆಂದೂ ಅವನು ಲೆಕ್ಕಹಾಕಿ ಹೇಳಬಲ್ಲ.